ಗೋಡೆಗೆ ಒರಗಿಸಿಟ್ಟ ಬಾಗಿಲು

ನಮ್ಮಲ್ಲಿ ಮೊದಲು ಬಂದದ್ದು ಬಾಗಿಲು. ಮನೆ ಬಂದದ್ದು ಹನ್ನೊಂದು ವರ್ಷದ ಮೇಲೆ. ನಡುವಿನ ಅಷ್ಟೂ ವರ್ಷ ಆ ಬಾಗಿಲು ಚೌಡಾಪುರದ ನಮ್ಮ ಬಾಡಿಗೆ ಖೋಲಿಯೊಳಗೆ, ಮೂಡಣ ಗೋಡೆಗೆ ಬೆನ್ನು ಹಚ್ಚಿಕೊಂಡು ನಿಂತಿತ್ತು. ನಮಗಿದ್ದದ್ದೇ ಒಂದು ಖೋಲಿ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಆಯಿಯ ಕೌದಿ, ಉಳಿದ ಫರ್ಸಿ ಕಲ್ಲಿನ ನೆಲದ ಮೇಲೆ ಅಪ್ಪ, ಅವ್ವ, ನಾನು ಮತ್ತು ತಂಗಿ ಸುಜಾತಾ. ಆಯಿ ಅಂದರೆ ಅಪ್ಪನ ತಾಯಿ. ಒಲೆಯ ಮೇಲಿನ ಗೋಡೆಗೆ ಹೊಗೆ ಹಿಡಿದ ಬುದ್ಧನ ಪಟ. ಎದುರಿಗೆ ಈ ಬಾಗಿಲು. ಸಾಗವಾನಿಯದು, ಎರಡು ಕದ, ಕದಗಳ ಮೇಲೆ ಹಿತ್ತಾಳೆಯ ಹೂವು, ನಡುವೆ ಕಬ್ಬಿಣದ ಸರಪಳಿ ಚಿಲಕ, ಎತ್ತರ ಅಪ್ಪನಿಗಿಂತ ಒಂದು ಮೊಳ ಜಾಸ್ತಿ. ಅದನ್ನು ತಂದ ದಿನ ಖೋಲಿಯ ಸಣ್ಣ ಬಾಗಿಲಲ್ಲಿ ಅದು ಹಿಡಿಸದೆ, ಚೌಕಟ್ಟು ಕಳಚಿ, ಒಂದೊಂದೇ ತುಂಡು ಒಳಗೆ ತಂದು, ಅಪ್ಪ ಮತ್ತೆ ಜೋಡಿಸಿದ್ದ. ಹೊಸಬರು ಯಾರಾದರೂ ಬಂದರೆ ಅದರಾಚೆ ಇನ್ನೊಂದು ಖೋಲಿ ಇದೆ ಅಂತಲೇ ತಿಳಿಯುತ್ತಿದ್ದರು.

"ಒಳಗೂ ಜಾಗಾ ಅದ ಏನ್ರಿ?"

"ಆಗ್ತದ್ರಿ," ಅನ್ನುತ್ತಿದ್ದಳು ಅವ್ವ. ಇದೆ ಅನ್ನುತ್ತಿರಲಿಲ್ಲ, ಇಲ್ಲ ಅಂತಲೂ ಅನ್ನುತ್ತಿರಲಿಲ್ಲ.

ಅಪ್ಪ ಗವಂಡಿ. ಅಫಜಲಪುರದಿಂದ ಜೇವರ್ಗಿಯವರೆಗೆ ಯಾರ ಮನೆಯ ಗೋಡೆಯನ್ನಾದರೂ ದಾರ ಹಿಡಿದು ನೆಟ್ಟಗೆ ಎಬ್ಬಿಸುವವನು, ತಾನಿರುವ ಖೋಲಿಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೆ ಮಾಲಕರನ್ನು ಕೇಳಬೇಕಾಗಿತ್ತು. ಅದರ ಬೇಸರ ಅವನಿಗೆ ಅಷ್ಟಾಗಿ ಇರಲಿಲ್ಲ. ಕೂಲಿ ಕೈಗೆ ಬಂದ ದಿನ ಅವನ ಕಿಸೆ ಎಣ್ಣೆ ಎಣ್ಣೆಯಾಗಿರುತ್ತಿತ್ತು, ಒಳಗೆ ಮಿರ್ಚಿ ಭಜಿಯ ಪೊಟ್ಟಣ. ನಮ್ಮಿಬ್ಬರನ್ನು ಸೈಕಲ್ಲಿನ ಹಿಂದೆ ಮುಂದೆ ಕೂರಿಸಿಕೊಂಡು ಸಂಗಮಕ್ಕೆ ಹೋಗಿ ಹೊಳೆಯಲ್ಲಿ ಮುಳುಗಿಸಿ ಎಬ್ಬಿಸಿ, ದಂಡೆಯ ಮೇಲೆ ಚುರುಮುರಿ ತಿನ್ನಿಸಿ ಕರೆತರುತ್ತಿದ್ದ. ಅವ್ವ ತೊಗರಿ ಕೊಯ್ಯಲು, ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಅವಳ ಕೈಗೆ ಹೋದ ರೊಕ್ಕ ಮತ್ತೆ ಬೆಳಕು ಕಂಡದ್ದನ್ನು ನಾನು ನೋಡಿಲ್ಲ. ನಾನು ಹುಟ್ಟಿದ ಮೇಲೆ ನಾಲ್ಕು ಬಾಡಿಗೆ ಮನೆ ಬದಲಾಗಿದ್ದವು. ಪ್ರತಿ ಸಲವೂ ತಲೆಯ ಮೇಲೆ ಕೊಡ ಹೊತ್ತು ಮುಂದೆ ನಡೆಯುವವಳು ಅವಳೇ, ಮತ್ತು ಪ್ರತಿ ಸಲವೂ ಎರಡು ದಿನ ಅವಳು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಅಪ್ಪ ಅವ್ವನ ಜಗಳ ಯಾವಾಗಲೂ ಒಂದೇ, ಮಾತೂ ಅವೇ. ನಮಗೆ ಬಾಯಿಪಾಠವಾಗಿತ್ತು.

"ಹನಿ ಹನಿ ಕೂಡಿದ್ರ ಹಳ್ಳ ಅಂತಾರ," ಎಂದು ಅವ್ವ ಶುರು ಮಾಡುವಳು.

"ಹಳ್ಳ ತುಂಬೂತನ ನೀರಡಿಸಿ ಸಾಯಬೇಕೇನು? ಉಂಡದ್ದ ಬಂತು, ಉಟ್ಟದ್ದ ಬಂತು."

"ಉಂಡದ್ದು ಮುಂಜಾನಿಗಿ ಎಲ್ಲಿರ್ತದ ಅಂತ ಎಲ್ಲಾರಿಗೂ ಗೊತ್ತದ. ನನಗ ನನ್ನ ಬಾಗ್ಲಾ ಬೇಕು."

ಕೊಳಕೂರಿನಲ್ಲಿ ಒಂದು ಹಳೆಯ ವಾಡೆ ಕೆಡವುವ ಕೆಲಸ ಅಪ್ಪನಿಗೆ ಸಿಕ್ಕಾಗ ಆ ಮಾತು ಖರೆ ಆಯಿತು. ಮನೆತನದವರು ಊರು ಬಿಟ್ಟು ಬಹಳ ಕಾಲವಾಗಿತ್ತು. ತೊಲೆ, ಕಂಬ, ಬಾಗಿಲು ಎಲ್ಲವನ್ನೂ ಬಿಡಿಬಿಡಿಯಾಗಿ ಮಾರುತ್ತಿದ್ದರು. ತಲೆಬಾಗಿಲನ್ನು ಅಪ್ಪ ಬಣ್ಣಿಸಿದ್ದನ್ನು ಕೇಳಿ ಅವ್ವ ಮರುದಿನ ಅವನ ಜೊತೆಗೇ ಹೊರಟಳು, ನನ್ನನ್ನೂ ಎಳೆದುಕೊಂಡು. ಅಪ್ಪನನ್ನೇ ಬಿಟ್ಟರೆ ಹೇಳಿದಷ್ಟು ಕೊಟ್ಟು ಬರುತ್ತಾನೆಂಬ ಹೆದರಿಕೆ ಅವಳಿಗೆ. ವಾಡೆ ಕಾಯುತ್ತಿದ್ದ ಮುದುಕಿಯೊಬ್ಬಳು ಅಲ್ಲಿ ಬೇವಿನ ನೆರಳಿಗೆ ಕೂತಿದ್ದಳು. ಚೌಕಾಸಿಯೆಲ್ಲ ಮುಗಿದು ಆಳುಗಳು ಚೌಕಟ್ಟು ಕೀಳುವಾಗ ಆಕೆ ಎದ್ದು ಬಂದಳು.

"ಹೊಸ್ತಲಾ ಬಿಟ್ಟು ಒಯ್ರಿ ಎವ್ವಾ. ಬಾಗ್ಲಾ ಮಾರೂದು, ಹೊಸ್ತಲಾ ಮಾರೂದಲ್ಲ. ಹೊಸ್ತಲದ ಮ್ಯಾಲ ನಿಂತವರು ಅದರ ಸಂಗಟೇ ಬರ್ತಾರ."

ನಮ್ಮ ಕಡೆ ಈ ಮಾತು ಎಲ್ಲರಿಗೂ ಗೊತ್ತು. ಹಳೆಯ ಚೌಕಟ್ಟು ತಂದವರು ಹೊಸ್ತಿಲನ್ನು ಮಾತ್ರ ಹೊಸದು ಮಾಡಿಸುತ್ತಾರೆ. ಅಪ್ಪ ಕೂಡ, ತಾನು ಬುದ್ಧನ ದಾರಿಯವನು, ಇಂಥದ್ದನ್ನೆಲ್ಲ ನಂಬುವುದಿಲ್ಲ ಅಂತ ಎಲ್ಲ ಕಡೆ ಹೇಳಿಕೊಂಡರೂ, ಆ ಕ್ಷಣ ತಲೆ ಕೆರೆದುಕೊಂಡ. ಅವ್ವನ ಲೆಕ್ಕ ಬೇರೆ ಇತ್ತು. ಹೊಸ ಹೊಸ್ತಿಲಿಗೆ ಹೊಸ ಸಾಗವಾನಿ ಬೇಕು, ಬಡಿಗನಿಗೆ ಬೇರೆ ಕೊಡಬೇಕು. ಕೈಯಲ್ಲಿ ಇರುವುದನ್ನು ಬಿಟ್ಟು ಹೋಗುವುದು ಅವಳ ಜಾತಕದಲ್ಲೇ ಇರಲಿಲ್ಲ.

"ರೊಕ್ಕ ಕೊಟ್ಟೇನಿ, ಪೂರಾ ಒಯ್ತೇನಿ," ಅಂದಳು. ಭೀಮೆ ದಾಟಿ ಬರುವಾಗ ಟ್ರ್ಯಾಕ್ಟರಿನಲ್ಲಿ ಅವಳು ಕೂತದ್ದು ಆ ಹೊಸ್ತಿಲಿನ ಮೇಲೆಯೇ.

ಅಂದಿನಿಂದ ನಮ್ಮ ಮನೆಯಲ್ಲಿ 'ಆ ಮನಿ' ಎಂಬ ಮಾತು ಹುಟ್ಟಿತು. ಬಾಗಿಲಿಗೂ ಗೋಡೆಗೂ ನಡುವೆ ಒಂದು ಗೇಣು ಸಂದು. ಅದರೊಳಗೆ ಅವ್ವ ಒಂದು ತಗಡಿನ ಟ್ರಂಕು ತುರುಕಿದಳು. ಮದುವೆ ಮುಂಜಿಗಳಲ್ಲಿ ಯಾರಾದರೂ ಆಯೇರಿ ಕೊಟ್ಟ ಸೀರೆ, ಹೊಸ ಚಾದರ, ಸ್ಟೀಲಿನ ತಾಟು, ಏನು ಬಂದರೂ ಅದು ಟ್ರಂಕಿಗೆ ಹೋಗುತ್ತಿತ್ತು. ನಾವು ಕೇಳಿದರೆ ಒಂದೇ ಉತ್ತರ, ಆ ಮನಿಗೆ ಹೋದ ಮೇಲೆ. ಹೊಸ ಫ್ರಾಕು ಆ ಮನಿಯಲ್ಲಿ. ತುಪ್ಪ ಹಾಕಿದ ಹೋಳಿಗೆ ಆ ಮನಿಯಲ್ಲಿ. ಚಹಾಕ್ಕೆ ಸಕ್ಕರೆಯನ್ನು ಅವಳು ಎರಡು ಬೆರಳಲ್ಲಿ ಚಿವುಟಿ ಹಾಕುತ್ತಿದ್ದಳು, ಬಾಕಿ ಸಿಹಿಯೂ ಆ ಮನಿಯಲ್ಲಿಯೇ. ನನಗೆ ಆಗ ಎಂಟು ಒಂಬತ್ತು, ಸುಜಾತಾಳಿಗೆ ಐದು. ಹೀಗೆ ಹೇಳಿ ಹೇಳಿ ನಮ್ಮಿಬ್ಬರ ಮನಸ್ಸಿನಲ್ಲಿ ಬಾಗಿಲಾಚೆ ನಿಜಕ್ಕೂ ಒಂದು ಮನೆ ಎದ್ದು ನಿಂತಿತ್ತು. ನಮ್ಮದೆಲ್ಲ ಅಲ್ಲಿತ್ತು, ನಾವು ಮಾತ್ರ ಇಲ್ಲಿದ್ದೆವು. ಒಳಗೆ ದೀಪ ಹಚ್ಚಿದ್ದಾರೆ, ಹೋಳಿಗೆ ಬೇಯುತ್ತಿದೆ, ನಮ್ಮ ಫ್ರಾಕು ಹಾಕಿಕೊಂಡು ಯಾರೋ ಓಡಾಡುತ್ತಿದ್ದಾರೆ ಅಂತ ಸುಜಾತಾ ಹೇಳುತ್ತಿದ್ದಳು. ನಾನು ಅವಳನ್ನು ಬೈಯುತ್ತಿದ್ದೆ, ಬೈದು, ಅವಳು ಆಚೆ ಹೋದ ಮೇಲೆ, ಕದಕ್ಕೆ ಕಿವಿ ಹಚ್ಚುತ್ತಿದ್ದೆ.

ದನಿ ಮೊದಲು ಕೇಳಿಸಿದ್ದು ಮಟಮಟ ಮಧ್ಯಾಹ್ನ. ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನ ನಡುರಾತ್ರಿಗಿಂತ ನಿರ್ಜನ. ರಸ್ತೆಯ ಮೇಲೆ ನಾಯಿ ಕೂಡ ಇರುವುದಿಲ್ಲ, ಬಸ್ಸು ನಿಂತರೂ ಇಳಿಯುವವರಿರುವುದಿಲ್ಲ. ಅವ್ವ ಅಪ್ಪ ಕೂಲಿಗೆ ಹೋಗಿದ್ದರು. ಫರ್ಸಿಗೆ ನೀರು ಚಿಮುಕಿಸಿ ನಾವಿಬ್ಬರೂ ಆಯಿಯ ಎರಡೂ ಪಕ್ಕಕ್ಕೆ ಮಲಗಿದ್ದೆವು. ಬಾಗಿಲ ಕಡೆಯಿಂದ, ಬೀದಿ ಬಾಗಿಲಲ್ಲ, ಗೋಡೆಗೆ ಒರಗಿದ ಆ ಬಾಗಿಲ ಕಡೆಯಿಂದ, ಸಣ್ಣ ದನಿಯೊಂದು ಕೇಳಿತು.

"ಒಳಗ ಬರ್ಲೇನ್ರಿ?"

ನಾನು ಎದ್ದು ಬೀದಿಗೆ ಇಣುಕಿದೆ. ಯಾರೂ ಇರಲಿಲ್ಲ. ತಿರುಗಿ ನೋಡಿದರೆ ಆಯಿ ಸುಜಾತಾಳ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಹುಡುಗಿ ಬಾ ಅನ್ನಲಿಕ್ಕೆ ಬಾಯಿ ತೆರೆದಿದ್ದಳಂತೆ.

"ಬಾ ಅನಬ್ಯಾಡ್ರಿ," ಆಯಿ ಪಿಸುಗುಟ್ಟಿದಳು. "ಹೊಸ್ತಲಾ ಕರಕೊಂಡು ಬಂದದ ಅದನ್ನ. ಅದು ಕೇಳ್ತದ, ಕೇಳ್ಲಿ. ನೀವು ಬಾ ಅಂದ್ರ ತೀರ್ತು, ನಿಮ್ಮ ಪಾಲಿಂದು ಉಂಡು ಹೋಗ್ತದ. ಸುಮ್ನಿರ್ರಿ."

ಸುಮ್ಮನಿರುವುದನ್ನು ನಾವು ಹೀಗೆ ಕಲಿತೆವು. ವಾರಕ್ಕೊಮ್ಮೆಯೋ, ತಿಂಗಳಿಗೊಮ್ಮೆಯೋ ಅದು ಕೇಳುತ್ತಿತ್ತು, ಯಾವಾಗಲೂ ಹಗಲಿನಲ್ಲಿ, ಯಾವಾಗಲೂ ಒಂದೇ ಸಲ. ಅಳುವುದಿಲ್ಲ, ನಗುವುದಿಲ್ಲ, ಹೆದರಿಸುವುದಿಲ್ಲ. ಕೇಳುತ್ತದೆ, ಸ್ವಲ್ಪ ಹೊತ್ತು ಕಾಯುತ್ತದೆ. ಆ ಕಾಯುವಿಕೆಯೇ ನನಗೆ ದನಿಗಿಂತ ಹೆಚ್ಚು ಹೆದರಿಕೆ ತರುತ್ತಿತ್ತು. ಅಪ್ಪನಿಗೆ ಹೇಳಿದರೆ ನಕ್ಕು, ಒಣ ಕಟ್ಟಿಗೆ ಬಿಸಿಲಿಗೆ ಹಿಗ್ಗಿ ಸದ್ದು ಮಾಡುತ್ತದೆ ಅಂದ. ಅವ್ವನಿಗೆ ಯಾರೂ ಹೇಳಲಿಲ್ಲ. ಹೊಸ್ತಿಲು ತಂದವಳೇ ಅವಳು, ಅವಳೆದುರು ಅದರ ಸುದ್ದಿ ತೆಗೆಯುವ ಧೈರ್ಯ ಆಯಿಗೂ ಇರಲಿಲ್ಲ.

ಆ ವರ್ಷದ ಬೇಸಿಗೆಯಲ್ಲೇ ಬರ್ಫದ ಜಗಳ ಆಯಿತು. ಒಂದು ಮಧ್ಯಾಹ್ನ ನಾನು ಕಣ್ಣು ಬಿಟ್ಟಾಗ ಸುಜಾತಾ ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. ಚಿಲಕ ತೆಗೆದಿತ್ತು, ಒಂದು ಕದ ತೆರೆದಿತ್ತು. ಆಚೆಗೆ ಗೋಡೆಯೇ ಇತ್ತು, ಟ್ರಂಕೇ ಇತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಆದರೆ ಸಂದಿನಿಂದ ಒಂದು ತಣ್ಣನೆಯ ಗಾಳಿ ಬಂದು ನನ್ನ ಹಣೆಗೆ ಬಡಿಯಿತು, ನೆನೆದ ಸಗಣಿ ಸಾರಣೆಯ ವಾಸನೆ ಬಂತು. ನಮ್ಮದು ಫರ್ಸಿಯ ನೆಲ, ಸಾರಣೆ ಇರಲಿಲ್ಲ. ಸುಜಾತಾ ನನ್ನತ್ತ ಕೈ ಚಾಚಿದಳು. ಅಂಗೈಯಲ್ಲಿ ಗೋಲಿಯಷ್ಟು ದೊಡ್ಡ, ಗುಂಡನೆಯ ಒಂದು ಬರ್ಫದ ತುಂಡು, ಹೊಟ್ಟೆಯೊಳಗೆ ಬಿಳಿ ಚುಕ್ಕೆ. ನಾನು ಮುಟ್ಟುವಷ್ಟರಲ್ಲಿ ಅವಳದನ್ನು ಬಾಯಿಗೆ ಹಾಕಿಕೊಂಡಳು.

ಸಂಜೆ ಅವ್ವನ ಕಣ್ಣಿಗೆ ಮೊದಲು ಬಿದ್ದದ್ದೇ ಒದ್ದೆಯಾದ ಫ್ರಾಕಿನ ಎದೆ. ಬರ್ಫ ತಿಂದೆ ಅಂತ ಹುಡುಗಿಯೇ ಒಪ್ಪಿಕೊಂಡಿತು. ಅವ್ವ ಎರಡು ಬಿಗಿದಳು.

"ರೊಕ್ಕ ಯಾರ ಕೊಟ್ರು? ನಿಮ್ಮಪ್ಪ ಕೊಟ್ನೇನು? ಕಡ್ಡಿ ಎಲ್ಲಿ ಒಗದಿ?"

"ಕಡ್ಡಿ ಇರ್ಲಿಲ್ಲ ಬೇ. ಬಾಗ್ಲಾ ಕೆಳಗಿಂದ ಬಂತು."

"ಸುಳ್ಳ ಬ್ಯಾರೆ ಕಲ್ತಿ!"

ಅಷ್ಟರಲ್ಲಿ ಅಪ್ಪ ಬಂದ. ಅವನು ತಾನು ಕೊಟ್ಟಿಲ್ಲ ಎಂದು ಆಣೆ ಮಾಡಿದ. ಅವನ ಆಣೆಗೆ ನಮ್ಮ ಮನೆಯಲ್ಲಿ ಬೆಲೆ ಕಡಿಮೆ, ಯಾಕೆಂದರೆ ಭಜಿ ತಂದಾಗಲೂ ಯಾರೋ ಪುಕ್ಕಟೆ ಕೊಟ್ಟರು ಅಂತಲೇ ಹೇಳುತ್ತಿದ್ದ. ಜಗಳ ದೊಡ್ಡದಾಯಿತು. ಇಡೀ ಜನ್ಮ ಒಂದು ಬಾಗಿಲಿಗೆ ಕೈ ಮುಗಿದು ಸಾಯುವವಳು ನೀನು ಅಂತ ಅಪ್ಪ, ನಿನ್ನ ನಾಲಿಗೆಯ ರುಚಿಗೆ ನನ್ನ ಮಕ್ಕಳು ಬೀದಿಗೆ ಬೀಳಬೇಕೇನು ಅಂತ ಅವ್ವ. ಅಪ್ಪ ಉಣ್ಣದೆ ಹೊರಗೆ ಹೋದ, ಅದು ಅವನ ಜೀವಮಾನದಲ್ಲಿ ಒಂದೋ ಎರಡೋ ಸಲ ನಡೆದದ್ದು. ನನಗೂ ಆಗ ಅವ್ವನದೇ ಖರೆ ಅನ್ನಿಸಿತ್ತು. ಬರ್ಫದ ಗಾಡಿ ಬಂದಿರಬೇಕು, ನಾನು ಮಲಗಿದ್ದೆ, ಅಪ್ಪ ಕದ್ದು ನಾಲ್ಕಾಣೆ ಕೊಟ್ಟಿರಬೇಕು. ಆದರೆ ಮಲಗುವ ಮುಂಚೆ ಸುಜಾತಾಳ ತಲೆ ಹಿಕ್ಕುತ್ತಿದ್ದ ಅವ್ವ ಬಾಚಣಿಕೆ ನಿಲ್ಲಿಸಿ, ಯಾರಿಗೂ ಕೇಳಿಸಬಾರದು ಅನ್ನುವಂತೆ ಕೇಳಿದಳು.

"ಗುಂಡಗಿತ್ತೇನು?"

"ಹ್ಞೂಂ."

"ನಡಬರಕ ಬೆಳ್ಳಗ?"

"ಹ್ಞೂಂ ಬೇ."

ಅವ್ವ ಅವತ್ತು ಹುಡುಗಿಯ ಜಡೆಯನ್ನು ಮೂರು ಸಲ ಬಿಚ್ಚಿ ಹೆಣೆದಳು.

ಮಳೆ ಬಿದ್ದು ಪಂಚಮಿ ಹತ್ತಿರ ಬಂತು. ಆಯಿಗೆ ಜೋಕಾಲಿಯ ಹುಚ್ಚು. ಹಲ್ಲು ಹೋಗಿ, ಬೆನ್ನು ಬಾಗಿ, ಕಣ್ಣು ಮಂಜಾದ ಮೇಲೂ ಪಂಚಮಿ ಬಂದರೆ ಅವಳ ಕಾಲು ಸುಮ್ಮನೆ ಇರುತ್ತಿರಲಿಲ್ಲ. ಊರ ಬೇವಿನ ಮರದ ತನಕ ನಡೆಯಲು ಆಗದು, ಖೋಲಿಯ ತೊಲೆಗೇ ಒಂದು ಜೋಕಾಲಿ ಕಟ್ಟಿಕೊಡು ಅಂತ ಅಪ್ಪನ ಬೆನ್ನು ಹತ್ತಿದಳು. ಅಪ್ಪ ಮಾಲಕರನ್ನು ಒಪ್ಪಿಸಿ, ಅಫಜಲಪುರದಿಂದ ಹೊಸ ಹಗ್ಗ ತಂದ. ಹಗ್ಗ ಗಟ್ಟಿ ಇತ್ತು, ಬೆಲೆಯದು. ಅವ್ವ ಅದನ್ನು ಕೈಯಲ್ಲಿ ಹಿಡಿದು ನೋಡಿದಳು.

"ಈ ಹಳೀ ತೊಲಿಗಿ ಕಟ್ಟಿದ್ರ ತಿಕ್ಕಿ ತಿಕ್ಕಿ ಹರೀತದ. ಆ ಮನ್ಯಾಗ ಕಟ್ಟೂಣು."

"ನಾ ಆ ಮನಿತನ ಇರ್ತೇನೇನು ಬೇ?" ಅಂದಳು ಆಯಿ.

"ಇರ್ತೀರಿ ಅತ್ತಿ, ಯಾಕ ಇರಲ್ಲ," ಎನ್ನುತ್ತ ಅವ್ವ ಹಗ್ಗವನ್ನು ಸುರುಳಿ ಸುತ್ತಿ ಟ್ರಂಕಿಗೆ ಹಾಕಿದಳು. ಆಯಿ ಸಿಟ್ಟು ಮಾಡಲಿಲ್ಲ. ಎರಡು ದಿನ ಗೋಡೆಗೆ ಒರಗಿ ಕೂತು, ಕಾಲು ಮುಂದೆ ಹಿಂದೆ ಆಡಿಸುತ್ತ, ಇಲ್ಲದ ಜೋಕಾಲಿ ಆಡಿದಳು. ದೀಪಾವಳಿ ಹೊತ್ತಿಗೆ ಹಾಸಿಗೆ ಹಿಡಿದಳು. ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಮತ್ತೆ ಆ ದನಿ ಬಂತು, "ಒಳಗ ಬರ್ಲೇನ್ರಿ?" ನಾನು ರೂಢಿಯಂತೆ ತುಟಿ ಕಚ್ಚಿಕೊಂಡೆ. ಆಯಿ ಮಾತ್ರ ಆ ದಿನ ತಲೆ ಎತ್ತಿ ಕಿವಿಗೊಟ್ಟಳು.

"ಯಶಿ, ನಾ ತಪ್ಪ ತಿಳಕೊಂಡಿದ್ದೆ," ಅಂದಳು ನನಗೆ. "ಹಳೀ ಮನಿ ಯಜಮಾನಿ ಆಗಿದ್ರ 'ರಿ' ಹಚ್ಚಿ ಕೇಳ್ತಿದ್ಳೇನು? ತನ್ನ ಹೊಸ್ತಲಾ ತಾ ದಾಟಾಕ ಯಾರ ಕೇಳ್ತಾರ? ಇದು ಯಾವಾಗ್ಲೂ ಹೊರಗ ನಿಂತವರ ದನಿ. ಸಣ್ಣ ಹುಡುಗಿ ಅದ. ಗುರ್ತಿನ ದನಿ."

ಯಾರದು ಆಯಿ ಅಂದೆ. ಅವಳಿಗೆ ಹೇಳುವಷ್ಟು ಉಸಿರು ಇರಲಿಲ್ಲವೋ, ಹೇಳಬಾರದು ಅನ್ನಿಸಿತೋ ಗೊತ್ತಿಲ್ಲ. ಎರಡು ದಿನಕ್ಕೆ ಹೋದಳು. ಅವಳನ್ನು ಹೊರಗೆ ತೆಗೆದ ಮೇಲೆ ಅವ್ವ ಬಾಗಿಲಿಗೆ ಮುಖ ಮಾಡಿ ಕೂತು ಅತ್ತದ್ದನ್ನು ನಾನೊಬ್ಬಳೇ ನೋಡಿದೆ.

ಕೊನೆಗೂ ಚೌಡಾಪುರದ ರಸ್ತೆಗೆ ಹತ್ತಿಕೊಂಡು ಒಂದು ಜಾಗ ಆಯಿತು, ಮನೆಯೂ ಎದ್ದಿತು. ಪರರ ಕೆಲಸ ಇಲ್ಲದ ದಿನ ಅಪ್ಪನೇ ಕಟ್ಟಿದ, ಅವ್ವ ಕಲ್ಲು ಹೊತ್ತಳು, ನಾವು ನೀರು ಹೊಡೆದೆವು. ಹೊಸ್ತಿಲು ಹೊಸದು ಮಾಡಿಸೋಣ ಅಂತ ಅಪ್ಪ ಒಂದು ಮಾತು ಹೇಳಿದ, ಅವ್ವ ಕೇಳಲಿಲ್ಲ. ಅವನು ನಡುಮನೆಯ ತೊಲೆಗೆ ಎರಡು ಕಬ್ಬಿಣದ ಕೊಂಡಿ ಹಾಕಿದ. ಯಾಕೆ ಅಂತ ಅವ್ವನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮನೆ ಒಕ್ಕಲಿನ ದಿನ ನೆಂಟರು ಸೇರಿ ಪಂಚಶೀಲ ಹೇಳಿದರು, ಉಂಡರು, ಹೋದರು. ಅವ್ವ ಬೆಳಗಿನಿಂದ ಹೊರಗಿನ ಚಪ್ಪರದಲ್ಲಿ ಅಡುಗೆಯಲ್ಲೇ ಇದ್ದಳು, ಒಳಗೆ ಕಾಲಿಟ್ಟಿರಲೇ ಇಲ್ಲ. ಅಪ್ಪ ಸುಜಾತಾಳನ್ನು ಕರೆದುಕೊಂಡು ನೆಂಟರನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದ. ನಾನೊಬ್ಬಳೇ ನಡುಮನೆಯ ನೆಲ ಒರೆಸುತ್ತಿದ್ದೆ. ಮಟಮಟ ಮಧ್ಯಾಹ್ನ. ಹಿಂದಿನಿಂದ ಕೇಳಿತು.

"ಒಳಗ ಬರ್ಲೇನ್ರಿ?"

ನನಗೆ ಆಗ ಹತ್ತೊಂಬತ್ತು ವರ್ಷ, ನರ್ಸಿಂಗ್ ಓದುತ್ತಿದ್ದೆ. ಆದರೂ ಕೈಯಲ್ಲಿನ ಅರಿವೆ ಅಲ್ಲೇ ನಿಂತಿತು, ಬಾಯಿ ತಾನೇ ಮುಚ್ಚಿಕೊಂಡಿತು. ಎಷ್ಟೋ ಹೊತ್ತಿನ ಮೇಲೆ ತಿರುಗಿದೆ. ಹೊಸ್ತಿಲಾಚೆ ಅವ್ವ ನಿಂತಿದ್ದಳು. ಕೈ ಒದ್ದೆ, ಸೀರೆಗೆ ಮಸಿ, ಕಣ್ಣು ನನ್ನ ಮುಖದ ಮೇಲೆ. ಏನನ್ನೋ ಕಾಯುತ್ತಿರುವವಳ ಹಾಗೆ ನಿಂತಿದ್ದಳು. ಕೇಳಿದ್ದು ಅವಳೋ, ಅದೋ, ನನಗೆ ತಿಳಿಯಲಿಲ್ಲ. ನಾನು ಏನೂ ಹೇಳಲಿಲ್ಲ. ಅವಳು ತಿರುಗಿ, ಸಿಮೆಂಟು ಇಡಲೆಂದು ಹಾಕಿದ್ದ ತಗಡಿನ ಶೆಡ್ಡಿನ ಕಡೆ ನಡೆದಳು.

ಅಂದಿನಿಂದ ಅವ್ವ ಇದ್ದದ್ದು ಆ ಶೆಡ್ಡಿನಲ್ಲಿ. ಒಲೆಯ ಹೊಗೆಗೆ ಹೊಸ ಗೋಡೆ ಕಪ್ಪಾಗುತ್ತದೆ ಅಂದಳು, ಆಮೇಲೆ ಬೆನ್ನಿಗೆ ಶೆಡ್ಡಿನ ಮಣ್ಣಿನ ನೆಲವೇ ಹಿತ ಅಂದಳು. ಕಸ ಹೊಡೆಯಲು, ನೆಲ ಒರೆಸಲು ಒಳಗೆ ಬರುತ್ತಿದ್ದಳು, ಹಿತ್ತಲ ಬಾಗಿಲಿಂದ. ಇಡೀ ಜೀವ ತೇಯ್ದು ತಂದ ಆ ತಲೆಬಾಗಿಲನ್ನು ಅವಳು ದಾಟಿದ್ದನ್ನು ಯಾರೂ ನೋಡಲಿಲ್ಲ. ಅಪ್ಪ ಮೊದಲು ಬೈದ, ಆಮೇಲೆ ಬೇಡಿಕೊಂಡ, ಕೊನೆಗೆ ತಾನೂ ಶೆಡ್ಡಿನಲ್ಲೇ ಉಣ್ಣತೊಡಗಿದ. ನಾಲ್ಕು ವರ್ಷದ ಹಿಂದೆ ಅವನು ಹೋದ, ಹೊಟ್ಟೆ ತುಂಬ ಉಂಡು, ಕೈ ತೊಳೆದು, ಗೋಡೆಗೆ ಒರಗಿದವನು ಏಳಲೇ ಇಲ್ಲ. ಅವನ ಪಾಲಿಗೆ ಬಾಕಿ ಏನೂ ಉಳಿದಿರಲಿಲ್ಲ. ಅದೇ ನನಗೆ ಸಮಾಧಾನ.

ಅವನ ಗುಣ ಸುಜಾತಾಳಿಗೆ ಬಂತು. ಜೇವರ್ಗಿಯಲ್ಲಿ ಮಾಸ್ತರಿಣಿ, ಪಗಾರ ಬಂದ ವಾರ ಅವಳ ಮನೆಯಲ್ಲಿ ಹಬ್ಬ, ಕೊನೆಯ ವಾರ ಬರೀ ಪುಂಡಿಪಲ್ಲೆ. ನಾನು ಅವ್ವನ ಮಗಳಾದೆ. ಆಳಂದದಲ್ಲಿ ನರ್ಸ್ ಕೆಲಸ, ಕೂಡಿಟ್ಟದ್ದು ಸಾಕಷ್ಟಿದೆ, ಹತ್ತು ವರ್ಷದಿಂದ ಕೊಳ್ಳಲು ಮನೆ ನೋಡುತ್ತಲೇ ಇದ್ದೇನೆ. ನನ್ನ ಅಲಮಾರಿನಲ್ಲಿ ಕವರು ಬಿಚ್ಚದ ಚಾದರಗಳಿವೆ, ಮಡಿಕೆಯ ಗೆರೆಯಲ್ಲೇ ಬಣ್ಣ ಹೋದ ಸೀರೆಗಳಿವೆ. ಗಂಡ ಒಳ್ಳೆಯವನು, ಎಲ್ಲಿಯಾದರೂ ನಾಲ್ಕು ದಿನ ಹೋಗಿಬರೋಣ ಅಂತ ಪ್ರತಿ ವರ್ಷ ಕೇಳಿ ಸುಮ್ಮನಾಗುತ್ತಾನೆ. ಈ ಬೇಸಿಗೆಯಲ್ಲಿ ಮಗಳು ಸಮುದ್ರ ನೋಡಬೇಕು ಅಂದಳು. ನಾನು ರೊಟ್ಟಿ ಬಡಿಯುತ್ತಲೇ, ಆ ಮನಿಗೆ ಹೋದ ಮೇಲೆ ನೋಡೋಣ ಅಂದೆ.

"ಆ ಮನಿ ಎಲ್ಲಿ ಅದ ಮಮ್ಮಿ?"

ರೊಟ್ಟಿ ಹಂಚಿನ ಮೇಲೆ ಕರಕಾಯಿತು. ಹುಡುಗಿ ಗೋಡೆಯ ಕಡೆ ನೋಡುತ್ತಿದ್ದಳು, ಬರೀ ಗೋಡೆಯ ಕಡೆ, ಅಲ್ಲೇನೋ ಇರುವ ಹಾಗೆ. ಮರುದಿನವೇ ಮೂವರ ಗೋವೆಯ ಟಿಕೆಟ್ಟು ತೆಗೆಸಿದೆ. ಅದಕ್ಕೂ ಮುಂಚೆ ಮಾಡಬೇಕಾದ ಇನ್ನೊಂದು ಕೆಲಸ ಇತ್ತು. ಒಂದು ಒಳ್ಳೆಯ ಹಲಗೆ, ಎರಡು ಸರಪಳಿ ಕೊಂಡು, ರಜೆ ಹಾಕಿ, ಒಬ್ಬಳೇ ಚೌಡಾಪುರದ ಬಸ್ಸು ಹತ್ತಿದೆ.

ಟ್ರಂಕು ಈಗಲೂ ಇತ್ತು, ನಡುಮನೆಯ ಮೂಲೆಯಲ್ಲಿ. ಅಪ್ಪ ತಂದ ಹಗ್ಗ ಎತ್ತಿದರೆ ಸುರುಳಿ ಸುರುಳಿಯಾಗಿಯೇ ಹುಡಿಯಾಯಿತು. ನಾನು ಸ್ಟೂಲು ಹತ್ತಿ ಅವನ ಕೊಂಡಿಗಳಿಗೆ ಸರಪಳಿ ಸಿಕ್ಕಿಸಿದೆ. ಅವ್ವ ಹಿತ್ತಲ ಬಾಗಿಲಿಂದ ಬಂದು, ಇಷ್ಟು ರೊಕ್ಕ ಯಾಕೆ ಹಾಳು ಮಾಡಿದೆ ಅಂದಳು, ಬೆಲೆ ಕೇಳಿದಳು, ನಾನು ಅರ್ಧ ಹೇಳಿದೆ. ತೋಳು ಹಿಡಿದು ಕೂರಿಸಿದೆ. ಅವಳ ಪಾದ ನೆಲ ಬಿಟ್ಟು ಮೇಲೆ ಬಂದಾಗ ಎರಡೂ ಕೈಯಿಂದ ಸರಪಳಿ ಗಟ್ಟಿ ಹಿಡಿದಳು. ತಲೆಬಾಗಿಲು ಹಾರು ಹೊಡೆದಿತ್ತು, ಆಚೆ ಖಾಲಿ ರಸ್ತೆ, ಬಿಸಿಲು. ಎಪ್ಪತ್ತು ದಾಟಿದ ಹೆಂಗಸು, ಒಂದು ಹಗುರ ಜೀಕಿಗೆ ಅವಳ ಮುಖ ಸಣ್ಣ ಹುಡುಗಿಯದಾಯಿತು. ಆಗ ನಾನು ಇಪ್ಪತ್ತು ಚಿಲ್ಲರೆ ವರ್ಷ ನುಂಗಿಕೊಂಡಿದ್ದನ್ನು ಕೇಳಿದೆ.

"ಒಕ್ಕಲಿನ ದಿನ ಒಳಗ ಬರ್ಲೇನ್ರಿ ಅಂತ ಕೇಳಿದ್ದು ನೀನೇನು ಬೇ?"

"ನಾ ಕೇಳಿಲ್ಲ," ಅಂದಳು ಅವ್ವ. ಬಹಳ ಹೊತ್ತು ತೂಗಿದ ಮೇಲೆ ಮುಂದಿನ ಮಾತು ಬಂತು. "ನನ್ನ ತವರೂರು ಮಟಕ್ಯಾಗ ನಾ ಸಣ್ಣಾಕಿ ಇದ್ದಾಗ ನಮ್ಮವ್ವನ ಸಂಗಟ ಒಂದು ದೊಡ್ಡ ಮನಿ ಅಂಗಳ ಸಾರ್ಸಾಕ ಹೋಗ್ತಿದ್ದೆ. ನಮಗ ಅಂಗಳತನ, ಅಷ್ಟೇ. ಒಂದಿನ ನಾ ಒಬ್ಬಾಕೇ ಇದ್ದೆ. ಸಾರಣಿ ಇನ್ನೂ ಹಸಿ ಇತ್ತು, ಆಣಿಕಲ್ಲ ಮಳಿ ಹೊಡೀತು. ಗೋಲಿಯಷ್ಟು ಗೋಲಿಯಷ್ಟು ಬೀಳಾಕತ್ತು, ತಲಿ ಒಡದು ರಕ್ತ ಬಂತು. ಬಾಗ್ಲಾ ತೆರದಿತ್ತು. ಒಳಗ ಹೆಣ್ಮಕ್ಕಳು ಕುಂತಿದ್ರು, ನನ್ನ ನೋಡಾಕತ್ತಿದ್ರು. ಒಳಗ ಬರ್ಲೇನ್ರಿ ಅಂದೆ. ಯಾರೂ ಬಾ ಅನ್ಲಿಲ್ಲ, ಬ್ಯಾಡ ಅಂತಾನೂ ಅನ್ಲಿಲ್ಲ. ಸುಮ್ಮ ಕುಂತ್ರು. ಮಳಿ ನಿಂದ್ರೂತನ ಹೊರಗ ನಿಂತೆ. ಆಮ್ಯಾಲ ಜಲ್ಮದಾಗ ಯಾರಿಗೂ ಕೇಳಿಲ್ಲ. ನಂದಽ ಒಂದು ಬಾಗ್ಲಾ ಆಗ್ಲಿ, ಆಮ್ಯಾಲ ನೋಡೂಣು ಅಂದ್ಕೊಂಡೆ."

ಸರಪಳಿ ಕಿರುಗುಟ್ಟುವುದು ನಿಂತಿತ್ತು. ಸುಜಾತಾಳ ಅಂಗೈಯಲ್ಲಿನ ಗುಂಡನೆಯ ಬರ್ಫ ನನ್ನ ಕಣ್ಣೆದುರಿಗೆ ಬಂತು.

"ಆ ದನಿ ನನಗೂ ಕೇಳ್ತಿತ್ತು ಯಶಿ. ಖೋಲ್ಯಾಗಿದ್ದಾಗಿಂದ ಕೇಳ್ತಿತ್ತು. ನನ್ನ ದನಿ ನನಗ ಗೊತ್ತಾಗಲ್ಲೇನು? ಆ ಹೊಸ್ತಲದ ಮ್ಯಾಲ ಕುಂತು ಬಂದಾಕಿ ನಾ, ಅಕಿ ನನ್ನ ಸಂಗಟೇ ಬಂದಾಳ. ಒಕ್ಕಲಿನ ದಿನ ಅಕಿ ಕೇಳಿದ್ಳು, ನಾ ಹಿಂದ ನಿಂತಿದ್ದೆ. ನನ್ನ ಮಗಳು ಬಾ ಅಂತಾಳ ಅಂತ ನೋಡಾಕತ್ತಿದ್ದೆ. ನೀ ಅನ್ಲಿಲ್ಲ. ಅಕೀನ ಹೊರಗ ಬಿಟ್ಟು ನಾ ಒಬ್ಬಾಕೇ ಹ್ಯಾಂಗ ಒಳಗ ಬರ್ಲಿ?"

ನನಗೆ ಅಳು ಬಂತು, ನಾಚಿಕೆಯೂ ಆಯಿತು. ನಮ್ಮ ಪಾಲು ಉಂಡು ಹೋಗುತ್ತದೆ ಅಂತ ಹೆದರಿ, ಮಟಕಿಯ ಆ ಹೆಂಗಸರು ಮಾಡಿದ್ದನ್ನೇ ನಾವೂ ಅಷ್ಟೂ ವರ್ಷ ಮಾಡಿದ್ದೆವು. ಕೂತಿದ್ದೆವು, ನೋಡಿದ್ದೆವು, ಸುಮ್ಮನಿದ್ದೆವು. ಅವ್ವನ ಕೈ ಹಿಡಿಯೋಣ ಅಂತ ಎದ್ದೆ. ಹೊರಗೆ ಬಿಸಿಲು ಒಂದಿಷ್ಟು ಮಂಕಾಯಿತು, ಮೋಡ ಒಂದೂ ಇರಲಿಲ್ಲ. ಹಸಿ ಸಾರಣೆಯ ವಾಸನೆ ಬಂತು. ಆಮೇಲೆ ಹೊಸ್ತಿಲ ಮೇಲಿಂದ, ಎಂದೂ ಕೇಳಿರದಷ್ಟು ಹತ್ತಿರದಿಂದ, ಕೇಳಿತು.

"ಒಳಗ ಬರ್ಲೇನ್ರಿ?"

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅಂದಿನ ಹಾಗೆಯೇ. ತುಟಿ ಬಿಡಿಸಲು ನನಗೆ ಬಲ ಬೇಕಾಯಿತು. ಬಾ ಅನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ, ಆ ವಯಸ್ಸಿನ ಅವಳಿಗೆ ಯಾರೂ ಎಂದೂ ಅಂದಿರದ ಮಾತು.

"ಬರ್ರಿ," ಅಂದೆ. "ಒಳಗ ಬರ್ರಿ."

ಹೊಸ್ತಿಲ ಈಚೆಯ ಫರ್ಸಿಯ ಮೇಲೆ ಸಣ್ಣದೊಂದು ಒದ್ದೆ ಕಲೆ ಮೂಡಿತು, ಅದರ ಮುಂದೆ ಇನ್ನೊಂದು. ನಾನು ನೋಡುತ್ತ ನಿಂತೆ. ಅವ್ವ ಹೆದರಲಿಲ್ಲ. ಸೀರೆಯ ನೆರಿಗೆ ಒತ್ತರಿಸಿಕೊಂಡು ಹಲಗೆಯ ಒಂದು ತುದಿಗೆ ಸರಿದಳು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು. ಸರಪಳಿ ಮೆಲ್ಲಗೆ ಕಿರುಗುಟ್ಟಿತು.

"ನಿಂತಽ ನಿಂತೀಯಲ್ಲ," ಅಂದಳು ನನಗೆ. "ಹೋಗು, ಮೂರ ಕಪ್ಪ ಚಾ ಇಡು. ಸಕ್ರಿ ಕೈ ಬಿಟ್ಟು ಹಾಕು."